ಮುಚ್ಚಿಹೋಗುವ ಕೆಲಸ: ರಸ್ತೆ ಇಂಜಿನಿಯರನ ಮಾತು

(ಬೆಳೆಗಾರ ಸದಸ್ಯರ ಕೂಟದಲ್ಲಿ ರಸ್ತೆ ಕಾಮಗಾರಿಗಳ ಮೇಲ್ವಿಚಾರಕ ಇಂಜಿನಿಯರೊಬ್ಬರು ಮಾಡಿದ ಭಾಷಣದ ಪಾಠ)



ಕಬ್ಬಿನ ಸಭೆಗೆ ರಸ್ತೆಯವನನ್ನು ಏಕೆ ಕರೆಸಿದರು ಎಂದು ತಮ್ಮಲ್ಲಿ ಕೆಲವರಿಗೆ ಅನಿಸಿರಬಹುದು. ಕಡಿದ ಕಬ್ಬು ಒಂದು ದಿನದೊಳಗೆ ಗಾಣಕ್ಕೆ ಬೀಳಬೇಕು, ತಡವಾದಷ್ಟೂ ತೂಕವೂ ಇಳಿಯುತ್ತದೆ, ಸಕ್ಕರೆಯ ಅಂಶವೂ ಇಳಿಯುತ್ತದೆ ಎಂಬುದು ತಮಗೆ ನನಗಿಂತ ಚೆನ್ನಾಗಿ ಗೊತ್ತು. ಆ ಒಂದು ದಿನದಲ್ಲಿ ಎಷ್ಟು ಹೊತ್ತು ಹೊಂಡ ಬಿದ್ದ ರಸ್ತೆಯಲ್ಲಿ ಕಳೆಯುತ್ತದೆ ಎಂಬ ಲೆಕ್ಕ ಮಾತ್ರ ನನ್ನ ಕಸುಬಿಗೆ ಸೇರಿದ್ದು.

ಹೊಸೂರಿನಿಂದ ಕೃಷ್ಣಗಿರಿಗೆ ಸುಮಾರು 50 ಕಿಲೋಮೀಟರು. ಹಿಂದೆ 7ನೆಯ ನಂಬರಿನ ಹೆದ್ದಾರಿ ಎನ್ನುತ್ತಿದ್ದುದು 2010ರ ಹೊಸ ಎಣಿಕೆಯಲ್ಲಿ 44 ಆಯಿತು. ಸುವರ್ಣ ಚತುಷ್ಕೋನ ಯೋಜನೆಯ ಬೆಂಗಳೂರು–ಚೆನ್ನೈ ಭಾಗವೂ ಕೃಷ್ಣಗಿರಿಯವರೆಗೆ ಇದೇ ರಸ್ತೆ. ಅಂಥ ಕೆಲಸದಲ್ಲಿ ಸ್ಥಳದಲ್ಲಿಯೇ ಪ್ರಯೋಗಶಾಲೆ ಇರುತ್ತದೆ, ಮಣ್ಣಿಗೊಬ್ಬ, ಸೇತುವೆಗೊಬ್ಬ, ಡಾಂಬರಿಗೊಬ್ಬ ಎಂದು ಇಂಜಿನಿಯರುಗಳಿರುತ್ತಾರೆ. ಆದರೆ ತಮ್ಮ ಕಬ್ಬು ಹೆದ್ದಾರಿಗೆ ಬರುವ ಮೊದಲು ಹಳ್ಳಿಯ ರಸ್ತೆ ದಾಟಬೇಕಲ್ಲ! ಅಲ್ಲಿ ನಾಲ್ಕಾರು ಕೆಲಸಗಳಿಗೆ ಒಬ್ಬನೇ ಇಂಜಿನಿಯರು. ನಾನು ಹೆಚ್ಚು ಕಾಲ ದುಡಿದದ್ದು ಅಂಥ ರಸ್ತೆಗಳಲ್ಲಿಯೇ.

ರಸ್ತೆ ಕಟ್ಟುವವನು ಕಂಟ್ರಾಕ್ಟರು. ಮೇಲ್ವಿಚಾರಕನು ಕಟ್ಟುವುದಿಲ್ಲ, ನೋಡುತ್ತಾನೆ, ಅಳೆಯುತ್ತಾನೆ, ಸಹಿ ಹಾಕುತ್ತಾನೆ. ಸಹಿ ಬಿದ್ದರೆ ಬಿಲ್ಲು ಪಾಸಾಗುತ್ತದೆ. ಕೇಳುವುದಕ್ಕೆ ಸುಲಭ. ಕಷ್ಟವಿರುವುದು ಎಲ್ಲಿ ಎಂದರೆ, ರಸ್ತೆಯ ಕೆಲಸವೆಲ್ಲ ಮುಚ್ಚಿಹೋಗುವ ಕೆಲಸ. ಮಣ್ಣಿನ ಮೇಲೆ ಗ್ರಾವೆಲ್ಲು, ಅದರ ಮೇಲೆ ಜಲ್ಲಿ, ಅದರ ಮೇಲೆ ಡಾಂಬರು. ಒಂದೊಂದು ಪದರವೂ ತನ್ನ ಕೆಳಗಿನದನ್ನು ಮರೆಮಾಡುತ್ತದೆ. ತಾವು ಕಾಣುವುದು ಕೊನೆಯ ಪದರ ಮಾತ್ರ. ಆದ್ದರಿಂದ ಕೆಳಗಿನದನ್ನು ಪರೀಕ್ಷಿಸದೆ ಮೇಲಿನದನ್ನು ಹಾಕಗೊಡದಿರುವುದೇ ನಮ್ಮ ಮುಖ್ಯ ಕರ್ತವ್ಯ.

ಬುಡದ ಮಣ್ಣನ್ನೇ ತೆಗೆದುಕೊಳ್ಳಿ. ಇದಕ್ಕೆ ನೀರಿನ ಹದ ಬೇಕು. ನಮ್ಮ ಸೀಮೆಯವರಿಗೆ ಇದನ್ನು ಮುದ್ದೆಯ ಉದಾಹರಣೆಯಿಂದ ಹೇಳಿದರೆ ಸಾಕು. ನೀರು ಕಡಿಮೆಯಾದರೆ ಹಿಟ್ಟು ಕೂಡಿಕೊಳ್ಳುವುದಿಲ್ಲ, ಹೆಚ್ಚಾದರೆ ಅಂಬಲಿ. ಹದವಾಗಿ ನೀರು ಚಿಮುಕಿಸಿ, ತೆಳುವಾಗಿ ಹರಡಿ, ರೋಲರು ಉರುಳಿಸಬೇಕು. ಆಮೇಲೆ ಅಲ್ಲಲ್ಲಿ ಸಣ್ಣ ಗುಳಿ ತೋಡಿ, ತೆಗೆದ ಮಣ್ಣನ್ನು ತೂಗಿ, ಗುಳಿಗೆ ಒಣ ಮರಳು ಸುರಿದು ಅದರ ಗಾತ್ರ ಅಳೆಯುತ್ತೇವೆ. ಪ್ರಯೋಗಶಾಲೆಯಲ್ಲಿ ಅದೇ ಮಣ್ಣು ಎಷ್ಟು ಗಟ್ಟಿಯಾಯಿತೋ, ಹೆದ್ದಾರಿಯ ಬುಡದಲ್ಲಿ ಅದರ ಶೇಕಡ 97ರಷ್ಟಾದರೂ ಗಟ್ಟಿ ಬರಬೇಕು. ಬಾರದಿದ್ದರೆ ಅಗೆದು ಮತ್ತೆ ಹಾಕಬೇಕು. ಕಂಟ್ರಾಕ್ಟರ ಮುಖ ಬಾಡುವುದು ಆಗಲೇ. ಡಾಂಬರಿನ ಹೊತ್ತಿಗೆ ಕೈಯಲ್ಲಿ ಉಷ್ಣಮಾಪಕ ಹಿಡಿದಿರುತ್ತೇವೆ. ಸಾಮಾನ್ಯವಾಗಿ ಬಳಸುವ ದರ್ಜೆಯ ಬಿಸಿ ಮಿಶ್ರಣ ಹಾಸುವಾಗ 140 ಡಿಗ್ರಿಗೆ ಕಡಿಮೆ ಇರಕೂಡದು, 90ಕ್ಕೆ ಇಳಿಯುವ ಮೊದಲು ರೋಲರಿನ ಕೆಲಸ ಮುಗಿಯಬೇಕು.

ಇಷ್ಟೆಲ್ಲ ತಿಳಿದೂ ನಾನು ಒಮ್ಮೆ ತಪ್ಪಿದ್ದೇನೆ. ಶೂಲಗಿರಿಯ ಕಡೆ ಒಂದು ಹಳ್ಳಿ ರಸ್ತೆಯಲ್ಲಿ ಪೈಪು ಮೋರಿ ಕೂರಿಸಿ, ಇಕ್ಕೆಲಕ್ಕೆ ಮಣ್ಣು ತುಂಬುತ್ತಿದ್ದರು. ಸಂಜೆಯಾಗಿತ್ತು, ಮೋಡ ಕವಿದಿತ್ತು, ಹನಿ ಬೀಳಲಾರಂಭಿಸಿತ್ತು. ರೋಲರನ್ನು ಮರುದಿನ ಬೇರೆ ಕಡೆಗೆ ಕಳುಹಿಸಬೇಕಾಗಿತ್ತು. ಮೇಸ್ತ್ರಿ, "ಸಾರ್, ನಾಲ್ಕು ಮಾರು ಜಾಗ, ಏನಾಗುತ್ತೆ?" ಎಂದ. ಗುಳಿ ತೋಡಿಸಲಿಲ್ಲ, ಸಹಿ ಹಾಕಿದೆ. ಮುಂದಿನ ಮಳೆಗಾಲ ಕಳೆಯುವಷ್ಟರಲ್ಲಿ ಮೋರಿಯ ಪಕ್ಕ ಒಂದು ಗೇಣು ಕುಸಿಯಿತು. ಕಬ್ಬು ತುಂಬಿದ ಟ್ರೈಲರು ಅಲ್ಲಿ ಮಗುಚಿತು. ದೇವರ ದಯೆ, ಜೀವಕ್ಕೆ ಅಪಾಯವಾಗಲಿಲ್ಲ. ಕಬ್ಬು ಎರಡು ದಿನ ಬಿಸಿಲಲ್ಲಿ ಬಿದ್ದಿತ್ತು. ನಾನು ನೋಡಲು ಹೋದಾಗ ಆ ರೈತರು ಜಗಳವಾಡಲಿಲ್ಲ. "ಅವತ್ತು ಕೊಡೆ ಹಿಡಿದು ಇಲ್ಲೇ ನಿಂತಿದ್ದವರು ತಾವೇ ಅಲ್ಲವಾ?" ಎಂದು ಮಾತ್ರ ಕೇಳಿದರು. ಮೋರಿಯನ್ನು ಕಂಟ್ರಾಕ್ಟರ ಖರ್ಚಿನಲ್ಲಿಯೇ ಅಗೆದು ಕಟ್ಟಿಸಿದೆವು. ಅವರ ಕಬ್ಬಿನ ನಷ್ಟ ಯಾರ ಲೆಕ್ಕಕ್ಕೂ ಬರಲಿಲ್ಲ.

ಈಗ ತಮ್ಮ ಪಾಲಿನ ಮಾತು. ಬೇಸರಿಸಬಾರದು.

ಅಮೆರಿಕದ ಇಲಿನಾಯ್ ಪ್ರಾಂತದ ಒಟ್ಟಾವಾ ಎಂಬ ಊರಿನ ಬಳಿ 1958ರಿಂದ 1960ರವರೆಗೆ, ಪರೀಕ್ಷೆಗೆಂದೇ ರಸ್ತೆ ಕಟ್ಟಿ, ಸೈನ್ಯದ ಚಾಲಕರಿಂದ ಲಾರಿಗಳನ್ನು ಹಗಲಿರುಳು ಓಡಿಸಿ ನೋಡಿದರು. ಅಲ್ಲಿ ತಿಳಿದದ್ದು ಇಷ್ಟು: ಅಚ್ಚಿನ ಮೇಲಿನ ಭಾರ ಎರಡರಷ್ಟಾದರೆ ರಸ್ತೆಗೆ ಹಾನಿ ಎರಡರಷ್ಟಲ್ಲ, ಸುಮಾರು ಹದಿನಾರರಷ್ಟು. ಐದನೆಯ ಒಂದು ಪಾಲು ಹೆಚ್ಚು ಹೇರಿದರೂ ಹಾನಿ ಇಮ್ಮಡಿಯಾಗುತ್ತದೆ. ಟ್ರೈಲರಿನ ಪಕ್ಕಕ್ಕೆ ಗಳು ಕಟ್ಟಿ, ಎತ್ತರಕ್ಕೆ ಒಟ್ಟಿದ ಕಬ್ಬು ಒಂದು ಸುತ್ತಿನ ಬಾಡಿಗೆ ಉಳಿಸುತ್ತದೆ, ನಿಜ. ಬಾಡಿಗೆ ಎಷ್ಟೆಂದು ನಾನೂ ಬಲ್ಲೆ. ಆದರೆ ಹಳ್ಳಿ ರಸ್ತೆಯನ್ನು ಅಂಥ ಭಾರಕ್ಕೆಂದು ಕಟ್ಟಿರುವುದಿಲ್ಲ. ಹಂಗಾಮಿನ ಕೊನೆಯಲ್ಲಿ ಅದೇ ಹೊಂಡದಲ್ಲಿ ಸಿಕ್ಕಿಬೀಳುವುದು ತಮ್ಮದೇ ಟ್ರೈಲರು.

ಭಾರಕ್ಕಿಂತ ದೊಡ್ಡ ಶತ್ರು ನೀರು. ಡಾಂಬರು ರಸ್ತೆಯ ನಡುವಿನಿಂದ ಅಂಚಿಗೆ ಮೀಟರಿಗೆ 25 ಮಿಲಿಮೀಟರು ಇಳಿಜಾರು ಕೊಡುವುದು ಮಳೆನೀರು ಚರಂಡಿಗೆ ಹೋಗಲೆಂದು. ಗದ್ದೆಗೆ ಗಾಡಿ ಇಳಿಸಲು ಆ ಚರಂಡಿಯನ್ನೇ ಮಣ್ಣು ತುಂಬಿ ಮುಚ್ಚುತ್ತಾರೆ. ಕಬ್ಬಿಗೆ ಕಟ್ಟಿದ ನೀರು ತುಂಬಿ ರಸ್ತೆಯ ಬುಡಕ್ಕೆ ಇಳಿಯುತ್ತದೆ, ನಾವು ಅಷ್ಟು ಕಷ್ಟಪಟ್ಟು ತಂದ ಹದ ಅಂಬಲಿಯಾಗುತ್ತದೆ. ದಾರಿ ಬೇಡವೆಂದು ನಾನು ಹೇಳುವುದಿಲ್ಲ. ಮಣ್ಣು ಹಾಕುವ ಮೊದಲು ಅಡಿಯಲ್ಲಿ ಪೈಪು ಕೂರಿಸಿ, ವರ್ಷಕ್ಕೊಮ್ಮೆ ಅದರ ಕಸ ತೆಗೆಯಿರಿ. ಬೋರಿನ ಪೈಪನ್ನು ರಸ್ತೆ ದಾಟಿಸಬೇಕಾದರೆ ರಾತ್ರೋರಾತ್ರಿ ಅಗೆಯದೆ ಇಲಾಖೆಗೆ ಅರ್ಜಿ ಕೊಡಿ. ತಡವಾಗುತ್ತದೆ, ಒಪ್ಪುತ್ತೇನೆ.

ಇನ್ನೊಂದು. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ 2000ದ ಡಿಸೆಂಬರಿನಲ್ಲಿ ಆರಂಭವಾಯಿತು. ಅದರಲ್ಲಿ ಕಟ್ಟಿದ ರಸ್ತೆಯನ್ನು ಐದು ವರ್ಷ ನಿರ್ವಹಿಸುವ ಹೊಣೆ ಕಂಟ್ರಾಕ್ಟರದೇ. ರಸ್ತೆಯ ಪಕ್ಕದ ಫಲಕವನ್ನು ಓದಿ, ಕೆಲಸ ಮುಗಿದ ತಾರೀಖನ್ನು ಬರೆದಿಟ್ಟುಕೊಳ್ಳಿ. ಐದು ವರ್ಷದೊಳಗೆ ಹೊಂಡ ಬಿದ್ದರೆ ಆ ತಾರೀಖು ಹಾಕಿ ಲಿಖಿತವಾಗಿ ದೂರು ಕೊಡಿ. ಕೆಲಸ ನಡೆಯುತ್ತಿರುವಾಗಲೂ ಬಂದು ನಿಲ್ಲಿ. ಇಂದು ಗುಳಿ ತೋಡಿ ನೋಡಿದಿರಾ ಎಂದು ಕೇಳಿ. ನನ್ನ ಮಟ್ಟಿಗೆ ಹೇಳುವುದಾದರೆ, ಆ ಸಂಜೆ ಹಾಗೆ ಕೇಳುವವರು ಒಬ್ಬರಿದ್ದಿದ್ದರೆ ನಾನು ರೋಲರನ್ನು ನಿಲ್ಲಿಸಿಕೊಳ್ಳುತ್ತಿದ್ದೆ.

ಮೋರಿ, ಚರಂಡಿಗಳ ಬಗ್ಗೆ ತಮ್ಮ ತಮ್ಮ ಊರಿನ ಪ್ರಶ್ನೆಗಳಿದ್ದರೆ ಊಟದ ನಂತರ ಇಲ್ಲಿಯೇ ಇರುತ್ತೇನೆ.