ಶಿಶುಪಾಲನೆಯಲ್ಲಿ ಶಿಸ್ತು: ಭಯದಿಂದಲೋ, ವ್ಯವಸ್ಥೆಯಿಂದಲೋ?

(ಶ್ರೀಮಠದ ಮುಂಬಯಿ ಶಾಖೆಯಲ್ಲಿ ಆರಾಧನಾ ಮಹೋತ್ಸವದ ಸಂದರ್ಭದಲ್ಲಿ ಮಾಡಿದ ಉಪನ್ಯಾಸ)

॥ ಶ್ರೀ ಗುರುಭ್ಯೋ ನಮಃ ॥



ಮುಂಬಯಿಯಂತಹ ಮಹಾನಗರದಲ್ಲಿ ಪತಿಪತ್ನಿಯರಿಬ್ಬರೂ ಉದ್ಯೋಗಸ್ಥರಾಗಿರುವುದು ಇಂದು ಸಾಮಾನ್ಯ ಸಂಗತಿ. ಅಜ್ಜ-ಅಜ್ಜಿಯರು ಉಡುಪಿಯಲ್ಲೋ ರಾಯಚೂರಿನಲ್ಲೋ ಉಳಿದಿರುತ್ತಾರೆ. ಎರಡು-ಮೂರು ವರ್ಷದ ಕೂಸು ಬೆಳಗಿನಿಂದ ಸಂಜೆಯವರೆಗೆ ಶಿಶುಪಾಲನಾ ಕೇಂದ್ರದಲ್ಲಿ, ಇಲ್ಲಿಯ ರೂಢಿಯ ಮಾತಿನಲ್ಲಿ ಹೇಳುವುದಾದರೆ ‘ಪಾಳಣಾಘರ’ದಲ್ಲಿ, ಬೆಳೆಯುತ್ತದೆ. ಸಂಜೆ ಕರೆದೊಯ್ಯಲು ಬಂದವರಿಗೆ ಮೊದಲು ದೊರೆಯುವುದು ದೂರು: ‘ಇಂದು ಇನ್ನೊಬ್ಬನನ್ನು ಕಚ್ಚಿದ’, ‘ಊಟದ ತಟ್ಟೆ ಎಸೆದ’. ದಣಿದು ಬಂದ ತಾಯಿಯೋ ತಂದೆಯೋ, ‘ಎರಡು ಏಟು ಕೊಡಿ, ಸರಿಹೋಗುತ್ತಾನೆ’ ಎಂದುಬಿಡುತ್ತಾರೆ. ಆ ಒಂದು ಮಾತು ಮಗುವಿನ ಮನಸ್ಸಿನಲ್ಲಿ ಎಷ್ಟು ದೂರ ಸಾಗುತ್ತದೆಂಬುದನ್ನು ವಿಚಾರಮಾಡುವುದು ಅಗತ್ಯ.

ಶ್ರೀಮದಾಚಾರ್ಯರ ಬಾಲ್ಯದ ಎರಡು ಪ್ರಸಂಗಗಳು ಶ್ರೀ ನಾರಾಯಣಪಂಡಿತಾಚಾರ್ಯರ ‘ಸುಮಧ್ವವಿಜಯ’ದಲ್ಲಿ ಬರುತ್ತವೆ. ಪಾಜಕದ ಮನೆಯಲ್ಲಿ ತಾಯಿ ಇಲ್ಲದ ವೇಳೆ ಶಿಶು ವಾಸುದೇವನನ್ನು ಅಕ್ಕ ನೋಡಿಕೊಳ್ಳುತ್ತಿದ್ದಳು. ಶಿಶು ಅಳಲಾರಂಭಿಸಿತು. ಆಕೆ ಗದರಿಸಲಿಲ್ಲ, ಹಸಿವೆಂದು ಅರಿತು ಬೇಯಿಸಿದ ಹುರುಳಿಯನ್ನೇ ತಿನ್ನಿಸಿದಳು. ಅದನ್ನು ಅರಗಿಸಿಕೊಂಡದ್ದು ಆಚಾರ್ಯರ ಮಹಿಮೆ. ಅಳುವಿನ ಹಿಂದೆ ಹಸಿವನ್ನು ಹುಡುಕಿದ್ದು ಅಕ್ಕನ ವಿವೇಕ. ಎರಡನೆಯದು ಅಕ್ಷರಾಭ್ಯಾಸದ ಸಂದರ್ಭ. ತಂದೆ ಹಿಂದಿನ ದಿನದ ಅಕ್ಷರಗಳನ್ನೇ ಮತ್ತೆ ಬರೆಯಿಸಲು, ನಿನ್ನೆ ಕಲಿಸಿದ್ದನ್ನೇ ಇಂದೂ ಏಕೆಂದು ಬಾಲಕ ಪ್ರಶ್ನಿಸಿದ. ಇಂದಾದರೆ ಇದು ‘ಉದ್ಧಟತನ’ ಎನಿಸಿಕೊಳ್ಳುತ್ತಿತ್ತು. ಆದರೆ ಆ ಪ್ರಶ್ನೆ ಹುಟ್ಟಿದ್ದು ಬುದ್ಧಿಯ ಹಸಿವಿನಿಂದ. ಮಕ್ಕಳ ತಂಟೆಗಳಲ್ಲಿ ಬಹುಪಾಲಿನ ಮೂಲವನ್ನು ಈ ಎರಡು ಹಸಿವುಗಳಲ್ಲಿಯೇ ಹುಡುಕಬಹುದು.

ಆದುದರಿಂದ ಕೇಂದ್ರವನ್ನು ನಡೆಸುವವರ ಮೊದಲ ಕೆಲಸ ದಂಡನೆಯಲ್ಲ, ಅವಲೋಕನ. ಒಂದು ಸಾಮಾನ್ಯ ನೋಟುಬುಕ್ಕಿನಲ್ಲಿ ಮೂರು ಕಾಲಂ ಹಾಕಿದರೆ ಸಾಕು: ಜಗಳಕ್ಕೆ ಮೊದಲು ಏನು ನಡೆಯಿತು, ಮಗು ಏನು ಮಾಡಿತು, ಆಮೇಲೆ ಹಿರಿಯರು ಏನು ಮಾಡಿದರು. ಎರಡು ವಾರ ಹೀಗೆ ಬರೆದಿಟ್ಟರೆ ಜಗಳಗಳಿಗೂ ಒಂದು ವೇಳಾಪಟ್ಟಿ ಇರುವುದು ಅನೇಕ ವೇಳೆ ಗೋಚರವಾಗುತ್ತದೆ. ಊಟಕ್ಕೆ ಮುಂಚಿನ ಅರ್ಧ ಗಂಟೆ, ನಿದ್ದೆ ತಪ್ಪಿದ ಮಧ್ಯಾಹ್ನ, ಆಟ ನಿಲ್ಲಿಸಿ ಇನ್ನೊಂದು ಕೆಲಸಕ್ಕೆ ಕರೆದ ಗಳಿಗೆ ಇಂತಹ ವೇಳೆಗಳು. ಊಟವನ್ನು ಕಾಲು ಗಂಟೆ ಹಿಂದಕ್ಕೆ ತಂದರೆ, ‘ಇನ್ನೈದು ನಿಮಿಷಕ್ಕೆ ಆಟ ಮುಗಿಯುತ್ತದೆ’ ಎಂದು ಮೊದಲೇ ತಿಳಿಸಿದರೆ, ಮೂರು ವರ್ಷದೊಳಗಿನವರಿಗೆ ಒಂದೇ ಬಗೆಯ ಆಟಿಕೆ ಎರಡೆರಡು ಇಟ್ಟರೆ, ಏಟಿನಿಂದ ಆಗದ ಶಿಸ್ತು ತಾನಾಗಿಯೇ ಬರತೊಡಗುತ್ತದೆ.

ಹೊರನಾಡ ಕನ್ನಡಿಗರ ಮಕ್ಕಳಿಗೆ ಇನ್ನೊಂದು ಕಷ್ಟವಿದೆ. ಮನೆಯಲ್ಲಿ ಕನ್ನಡವನ್ನೋ ತುಳುವನ್ನೋ ಕೇಳಿದ ಕೂಸಿಗೆ ಕೇಂದ್ರದಲ್ಲಿ ಕಿವಿಗೆ ಬೀಳುವುದು ಮರಾಠಿ, ಹಿಂದಿ. ‘ಮಮ್ಮು’ ಎಂದರೆ ಊಟ, ‘ತಾಚಿ’ ಎಂದರೆ ನಿದ್ದೆ ಎಂದು ಅಲ್ಲಿಯ ಬಾಯಿಯವರಿಗೆ ತಿಳಿಯದು. ಮಾತು ಸೋತಲ್ಲಿ ಹಲ್ಲು ಮುಂದಾಗುತ್ತದೆ. ಮಗುವನ್ನು ಸೇರಿಸುವ ದಿನವೇ ಹಸಿವು, ನೀರು, ನಿದ್ದೆ, ನೋವು, ಶೌಚ ಇವುಗಳಿಗೆ ಮನೆಯಲ್ಲಿ ಬಳಸುವ ಮಾತುಗಳನ್ನು ಒಂದು ಚೀಟಿಯಲ್ಲಿ ಬರೆದುಕೊಡುವುದು ತಂದೆತಾಯಿಯರ ಕರ್ತವ್ಯ. ಮಗು ಕಚ್ಚಿದಾಗ ಮೊದಲು ಕಚ್ಚಿಸಿಕೊಂಡ ಮಗುವನ್ನು ಸಂತೈಸಬೇಕು, ಬಳಿಕ ಕಚ್ಚಿದ ಮಗುವಿನ ಮಟ್ಟಕ್ಕೆ ಕುಳಿತು, ‘ಕಚ್ಚಿದರೆ ನೋವಾಗುತ್ತದೆ, ಬೇಕಾದರೆ ಕೇಳು’ ಎಂದು ಚಿಕ್ಕ ಮಾತಿನಲ್ಲಿ ಹೇಳಬೇಕು. ಅದಕ್ಕಿಂತ ದೀರ್ಘವಾದ ಉಪದೇಶ ಆ ವಯಸ್ಸಿಗೆ ಹತ್ತುವುದಿಲ್ಲ.

ಹಾಗೆಂದು ಎಲ್ಲವನ್ನೂ ಬಿಟ್ಟುಕೊಡುವುದೂ ಪ್ರೀತಿಯಲ್ಲ. ನಿಯಮಗಳು ಮೂರೋ ನಾಲ್ಕೋ ಇರಲಿ. ‘ಓಡಬೇಡ’ ಎನ್ನುವ ಬದಲು ‘ನಿಧಾನವಾಗಿ ನಡೆ’ ಎಂದಿರಲಿ. ಎಲ್ಲ ಹಿರಿಯರೂ ಪ್ರತಿದಿನವೂ ಅದನ್ನೇ ಪಾಲಿಸಲಿ. ರೈಲುಮಾರ್ಗದಲ್ಲಿ ಕೆಂಪು ಸಿಗ್ನಲ್ ಒಂದು ದಿನ ನಿಲ್ಲು ಎಂದೂ ಮರುದಿನ ಹೋಗು ಎಂದೂ ಅರ್ಥಕೊಟ್ಟರೆ ಯಾವ ಚಾಲಕ ತಾನೇ ಗಾಡಿ ನಡೆಸಿಯಾನು? ಮನೆಯಲ್ಲಿ ನಗುವಿಗೆ ಕಾರಣವಾದದ್ದೇ ಕೇಂದ್ರದಲ್ಲಿ ಶಿಕ್ಷೆಗೆ ಕಾರಣವಾದರೆ ಮಗುವಿನ ಸ್ಥಿತಿಯೂ ಹಾಗೆಯೇ.

ಶ್ರೀಮದ್ಭಾಗವತದ ದಶಮಸ್ಕಂಧದಲ್ಲಿ ಯಶೋದೆ ಕೋಲು ಹಿಡಿದು ಬಾಲಕೃಷ್ಣನನ್ನು ಅಟ್ಟಿಸಿಕೊಂಡು ಹೋಗುತ್ತಾಳೆ. ಮಗ ಹೆದರಿರುವುದನ್ನು ಕಂಡೊಡನೆ ಕೋಲನ್ನು ಬಿಸುಟುತ್ತಾಳೆ. ಕೋಲನ್ನು ಬಿಟ್ಟಳೇ ಹೊರತು ಶಿಸ್ತನ್ನು ಬಿಡಲಿಲ್ಲ. ಕಟ್ಟಲು ಹೋದರೆ ಹಗ್ಗ ಎರಡು ಅಂಗುಲ ಸಾಲದೇ ಹೋಯಿತು. ತಾಯಿಯ ಶ್ರಮವನ್ನು ಕಂಡು ಅವನೇ ಕಟ್ಟಿಗೆ ಒಳಪಟ್ಟನು. ಇಂದಿನ ಕೇಂದ್ರದಲ್ಲಿ ಹಗ್ಗಕ್ಕೆ ಸ್ಥಾನವಿಲ್ಲ. ಆದರೆ ಕಟ್ಟುಪಾಡು ನಿಲ್ಲುವುದು ಮಗುವಿನ ಸಮ್ಮತಿಯಿಂದ ಎಂಬ ಮಾತು ಇಂದಿಗೂ ಸತ್ಯ. ಇದಕ್ಕೆ ವಿರುದ್ಧವಾದ ನಿದರ್ಶನ ಸಪ್ತಮಸ್ಕಂಧದಲ್ಲಿದೆ. ಹಿರಣ್ಯಕಶಿಪುವಿನ ಆಜ್ಞೆಯಂತೆ ಶಂಡಾಮರ್ಕರು ಪ್ರಹ್ಲಾದನನ್ನು ಗದರಿಸಿ, ಬೆದರಿಸಿ ಪಾಠ ಹೇಳಿದರು. ಫಲ ಶೂನ್ಯ.

ಆಧುನಿಕರೂ ಇದೇ ದಾರಿಯನ್ನು ಕಂಡುಕೊಂಡರು. 1907ರಲ್ಲಿ ರೋಮ್ ನಗರದ ಬಡವರ ವಸತಿಯಲ್ಲಿ ಮಕ್ಕಳ ಮನೆಯನ್ನು ಆರಂಭಿಸಿದ ಮಾರಿಯಾ ಮಾಂಟೆಸ್ಸರಿಯವರು ಮಕ್ಕಳ ಎತ್ತರಕ್ಕೆ ತಕ್ಕ ಪೀಠೋಪಕರಣ, ಕೈಗೆ ತಕ್ಕ ಕೆಲಸ ಒದಗಿಸಿದರು. 1939ರಲ್ಲಿ ಮದ್ರಾಸಿನ ಅಡ್ಯಾರಿಗೆ ಬಂದು ಇಲ್ಲಿಯ ಶಿಕ್ಷಕರಿಗೂ ಕಲಿಸಿದರು. ವಕೀಲಿ ವೃತ್ತಿಯನ್ನು ಬಿಟ್ಟ ಗಿಜುಭಾಯಿ ಬಧೇಕಾ ಅವರು 1920ರಲ್ಲಿ ಭಾವನಗರದಲ್ಲಿ ಬಾಲಮಂದಿರವನ್ನು ತೆರೆದರು. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಪ್ರಕರಣವು ಶಾಲಾ ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಆರು ವರ್ಷದವನಿಗೆ ಸಲ್ಲದ ಏಟು ಎರಡು ವರ್ಷದವನಿಗೆ ಹೇಗೆ ಸಲ್ಲೀತು? ಊಟ ತಪ್ಪಿಸುವುದು, ಕತ್ತಲೆ ಕೋಣೆಯಲ್ಲಿ ಕೂಡಿಹಾಕುವುದು, ಎಲ್ಲರೆದುರು ಹೀಯಾಳಿಸುವುದು ಇವೂ ಏಟುಗಳೇ.

ಭಕ್ತ ಕುಟುಂಬಗಳು ವಿಶೇಷವಾಗಿ ಗಮನಿಸಬೇಕಾದ ಸಂಗತಿಯೊಂದಿದೆ. ‘ತಂಟೆ ಮಾಡಿದರೆ ದೇವರು ಕಣ್ಣು ಕೀಳುತ್ತಾನೆ’ ಎಂದು ಮಕ್ಕಳನ್ನು ಸುಮ್ಮನಾಗಿಸುವ ರೂಢಿ ಅನೇಕ ಮನೆಗಳಲ್ಲಿದೆ. ಭಗವಂತನ ಮಹಿಮೆಯನ್ನು ತಿಳಿದು ಅವನಲ್ಲಿಡುವ ಅಚಲವಾದ ಪ್ರೀತಿಯೇ ಭಕ್ತಿಯೆಂದು ಶ್ರೀಮದಾಚಾರ್ಯರು ಬೋಧಿಸಿದರು. ಗುಮ್ಮನ ಸ್ಥಾನದಲ್ಲಿ ದೇವರನ್ನು ಕೂರಿಸಿದರೆ ಆ ಪ್ರೀತಿ ಅಂಕುರಿಸುವುದೆಂತು? ಗುಮ್ಮನ ಭಯ ಹತ್ತನೆಯ ವರ್ಷಕ್ಕೆ ಹೋಗುತ್ತದೆ. ಅದರೊಡನೆ ದೇವರೂ ಹೋದರೆ ಆ ಹೊಣೆ ಹಿರಿಯರದು.

ಈ ಸಭಾಂಗಣದಲ್ಲಿಯೂ ಪ್ರವಚನದ ವೇಳೆ ಮಕ್ಕಳು ಓಡಾಡುವುದುಂಟು. ಒಂದು ಗಂಟೆ ಅಲುಗದೆ ಕೂರುವುದು ನಾಲ್ಕು ವರ್ಷದ ಮಗುವಿನಿಂದ ಆಗದ ಕೆಲಸ. ತುಳಸಿದಳ ಬಿಡಿಸುವುದು, ಹೂವು ಜೋಡಿಸುವುದು, ಪಂಕ್ತಿಗೆ ಬಾಳೆಲೆ ಹಂಚುವುದು ಆಗುವ ಕೆಲಸಗಳು. ನಿವೃತ್ತರಾದ ಹಿರಿಯರು ಭಾನುವಾರ ಎರಡು ಗಂಟೆಗಳ ಕಾಲ ಈ ಮಕ್ಕಳ ಜೊತೆ ಕುಳಿತು ಕನ್ನಡದಲ್ಲಿ ಕಥೆ ಹೇಳಿದರೆ, ಊರಿನಲ್ಲಿ ಉಳಿದ ಅಜ್ಜ-ಅಜ್ಜಿಯರ ಕೊರತೆ ಕಿಂಚಿತ್ತಾದರೂ ತುಂಬೀತು. ಮಠಕ್ಕೆ ಹೆದರುತ್ತ ಬರುವ ಮಗುವಿಗಿಂತ ಮುಂದಿನ ಭಾನುವಾರ ಎಂದು ಬರುವುದೆಂದು ಕೇಳುವ ಮಗುವೇ ಶ್ರೀಮಠದ ನಾಳಿನ ಸಂಪತ್ತು.

॥ ಶ್ರೀಕೃಷ್ಣಾರ್ಪಣಮಸ್ತು ॥