ಕೆಂಡದಂತೆ ಕಾದ ತಂತಿ ಬದುಕುವುದು ಹೇಗೆ?



ನಾನು ಪಿಯುಸಿ ಮುಗಿಸಿ ಅಚ್ಚಿನ ಮೊಳೆ ಜೋಡಿಸಲು ಕುಳಿತವನು. ಲೋಹಶಾಸ್ತ್ರ ನನ್ನ ಕಸುಬಲ್ಲ. ಆದರೆ ನಮ್ಮ ಪ್ರೆಸ್ಸಿನಲ್ಲಿ ಬೈಂಡಿಂಗ್ ಗೋಂದು ಕಾಯಿಸುವ ಕಾಯಿಲ್ ಒಲೆಯೊಂದಿದೆ. ಒಂದು ವರ್ಷ ಶಾಲೆ ತೆರೆಯುವ ಹೊತ್ತಿಗೆ, ನೋಟ್‌ಬುಕ್ ಕೊಡಬೇಕಾದ ವಾರದಲ್ಲೇ, ಮೂರು ಕಾಯಿಲ್ ಸುಟ್ಟವು. ಅಂಗಡಿಯವರು ವೋಲ್ಟೇಜ್ ಅಂದರು. ನಾನು ಕೈಗೆತ್ತಿ ನೋಡಿದರೆ ತಂತಿಯಿಂದ ಹಸಿರುಗಪ್ಪು ಹಕ್ಕಳೆ ಉದುರುತ್ತಿತ್ತು. ಆ ಹಕ್ಕಳೆಯ ಕತೆಯೇ ಇವತ್ತಿನ ಮಾತು.

ಕಾಯಿಲ್ ತಂತಿ ನೈಕ್ರೋಮ್. ನೂರರಲ್ಲಿ 80 ಪಾಲು ನಿಕಲ್, 20 ಪಾಲು ಕ್ರೋಮಿಯಂ. ಅಮೆರಿಕದ ಆಲ್ಬರ್ಟ್ ಮಾರ್ಷ್‌ಗೆ 1906ರಲ್ಲಿ ಇದರ ಪೇಟೆಂಟ್ ಸಿಕ್ಕಿತು. ಬಿಸಿಯಾದಾಗ ಕ್ರೋಮಿಯಂ ಗಾಳಿಯ ಆಮ್ಲಜನಕದೊಂದಿಗೆ ಸೇರಿ ತೆಳ್ಳನೆಯ ಆಕ್ಸೈಡ್ ಪೊರೆ ಕಟ್ಟುತ್ತದೆ. ಆ ಪೊರೆಯೇ ತಂತಿಗೆ ಕವಚ. ಹಾಗಾದರೆ ಕವಚ ಉದುರುವುದೇಕೆ?

ಕಾರಣ ತಣಿಯುವುದರಲ್ಲಿದೆ, ಕಾಯುವುದರಲ್ಲಿ ಅಲ್ಲ! ಒಲೆ ಆರಿಸಿದಾಗ ಲೋಹ ಕುಗ್ಗುತ್ತದೆ, ಆಕ್ಸೈಡ್ ಅದರ ಅರ್ಧದಷ್ಟೇ ಕುಗ್ಗುತ್ತದೆ. ಪೊರೆ ಉಬ್ಬಿ ಸಿಡಿಯುತ್ತದೆ. ಮತ್ತೆ ಕಾಯಿಸಿದರೆ ಹೊಸ ಪೊರೆಗೆ ಹೊಸ ಕ್ರೋಮಿಯಂ ಖರ್ಚು. ಹೀಗೆ ದಿನಾ ಖರ್ಚಾದರೆ ತಂತಿಯಲ್ಲಿ ಉಳಿಯುವುದೇನು?

ಇದಕ್ಕೆ ಮದ್ದು ಒಂದು ಚಿಟಿಕೆ. ಇಟ್ರಿಯಂ, ಸೀರಿಯಂ, ಲ್ಯಾಂಥನಂ ಇಂಥ ಲೋಹವನ್ನು ನೂರು ಕಿಲೋಗೆ ನೂರು ಗ್ರಾಂ ಆಸುಪಾಸು ಬೆರೆಸಬೇಕು. ಇಂಗ್ಲೆಂಡಿನಲ್ಲಿ ಫೈಲ್ ಎಂಬುವರ 1937ರ ಪೇಟೆಂಟ್ ಇದಕ್ಕೆ ಮೊದಲ ದಾಖಲೆಯೆಂದು ಲೋಹಶಾಸ್ತ್ರಜ್ಞರು ಇವತ್ತಿಗೂ ಹೆಸರಿಸುತ್ತಾರೆ. (ಇಟ್ರಿಯಂಗೆ ಹೆಸರು ಕೊಟ್ಟದ್ದು ಸ್ವೀಡನ್ನಿನ ಇಟ್ಟರ್ಬಿ ಎಂಬ ಪುಟ್ಟ ಹಳ್ಳಿ. ಆ ಒಂದೇ ಹಳ್ಳಿಯ ಹೆಸರಿನಿಂದ ನಾಲ್ಕು ಮೂಲವಸ್ತುಗಳು ಹೆಸರು ಪಡೆದಿವೆ, ನಮ್ಮೂರಿಗೆ ಬಸ್ಸೇ ಸಿಕ್ಕಿಲ್ಲ!)

ಚಿಟಿಕೆ ಮಾಡುವುದೇನು? ಪೊರೆ ಎಂದರೆ ಸಣ್ಣ ಸಣ್ಣ ಹರಳುಗಳ ಗೋಡೆ. ಮದ್ದಿಲ್ಲದ ಪೊರೆಯಲ್ಲಿ ಹರಳುಗಳ ನಡುವಿನ ಸಂದಿಗಳಲ್ಲಿ ಕ್ರೋಮಿಯಂ ಒಳಗಿನಿಂದ ಹೊರಗೆ ನುಗ್ಗುತ್ತದೆ. ಅದು ಬಿಟ್ಟುಬಂದ ಜಾಗ ಪೊರೆಯ ಅಡಿಯಲ್ಲಿ ಟೊಳ್ಳಾಗುತ್ತದೆ, ಹಿಡಿತ ತಪ್ಪುತ್ತದೆ. ಇಟ್ರಿಯಂ ಅಯಾನು ಕ್ರೋಮಿಯಂ ಅಯಾನಿಗಿಂತ ದೊಡ್ಡದು. ದೊಡ್ಡ ಮೊಳೆ ಚಿಕ್ಕ ಮೊಳೆಯ ಸಾಲಿನಲ್ಲಿ ಕೂರುವುದುಂಟೇ? ಹರಳಿನೊಳಗೆ ಜಾಗ ಸಿಗದೆ ಅದು ಸಂದಿಗಳಲ್ಲೇ ನಿಂತು ಕ್ರೋಮಿಯಂನ ದಾರಿ ಕಟ್ಟುತ್ತದೆ. ಆಗ ಪೊರೆ ಬೆಳೆಯುವ ದಿಕ್ಕೇ ತಿರುಗುತ್ತದೆ: ಕ್ರೋಮಿಯಂ ಹೊರಗೆ ಬರುವ ಬದಲು ಆಮ್ಲಜನಕ ಒಳಗೆ ಇಳಿಯುತ್ತದೆ. ಭಾರದ ಆಮ್ಲಜನಕ, ಅಂದರೆ ಆಮ್ಲಜನಕ-18 ಬಳಸಿ ಸಂಶೋಧಕರು ಇದನ್ನು ಕಣ್ಣಾರೆ ಕಂಡಂತೆ ತೋರಿಸಿದ್ದಾರೆ. ಬೆಳವಣಿಗೆ ಹತ್ತು ಪಟ್ಟು, ಕೆಲವೊಮ್ಮೆ ಇನ್ನೂ ಹೆಚ್ಚು ನಿಧಾನವಾಗುತ್ತದೆ.

ಇನ್ನೊಂದು ವಾದವೂ ಇದೆ. ಲೋಹದಲ್ಲಿ ಹತ್ತು ಲಕ್ಷಕ್ಕೆ ಕೆಲವೇ ಪಾಲಿರುವ ಗಂಧಕ, ಪೊರೆಯ ಅಡಿಗೆ ಸೇರಿ ಅಂಟು ಬಿಡಿಸುತ್ತದೆ, ಇಟ್ರಿಯಂ ಆ ಗಂಧಕವನ್ನು ಕಟ್ಟಿಹಾಕುತ್ತದೆ ಎಂದು 1980ರ ದಶಕದಲ್ಲಿ ಹೇಳಿದರು. ಗಂಧಕ ತೆಗೆದರೂ ಪೊರೆ ಚೆನ್ನಾಗಿ ಅಂಟುವುದು ನಿಜ. ಆದರೆ ಬೆಳವಣಿಗೆ ನಿಧಾನವಾಗುವುದಕ್ಕೆ ಅದೊಂದೇ ಉತ್ತರವಾಗದು. ಎರಡೂ ಬೇಕೆಂದು ನನಗನಿಸುತ್ತದೆ.

ಅತಿಯಾದರೆ ಕೆಡುಕು. ಹೆಚ್ಚು ಹಾಕಿದರೆ ಇಟ್ರಿಯಂ ಗಂಟು ಕಟ್ಟಿ ಲೋಹದ ಒಳಗೊಳಗೇ ಆಕ್ಸೈಡ್ ಆಗುತ್ತದೆ. ಸಾವಿರ ಡಿಗ್ರಿ ದಾಟಿದರಂತೂ ಕ್ರೋಮಿಯಂ ಆಕ್ಸೈಡೇ ಅನಿಲವಾಗಿ ಹಾರಿಹೋಗುವುದು ಜೋರಾಗುತ್ತದೆ. ಅದಕ್ಕೇ ಜೆಟ್ ಎಂಜಿನ್ ಅಲಗುಗಳ ಲೇಪನದಲ್ಲಿ ಅಲ್ಯೂಮಿನಿಯಂ ಪೊರೆ ನಂಬುತ್ತಾರೆ. ಅಲ್ಲಿಯೂ ಲೇಪನದ ಹೆಸರು ಎಂ-ಸಿಆರ್-ಎಎಲ್-ವೈ. ಕೊನೆಯ ವೈ ನಮ್ಮ ಇಟ್ರಿಯಂನದೇ.

ಈಗ ಕಾಯಿಲ್ ಕೊಳ್ಳುವಾಗ ನಾನು ತಂತಿಯ ದಪ್ಪವೊಂದನ್ನೇ ಕೇಳುವುದಿಲ್ಲ, ಯಾವ ಮಿಶ್ರಲೋಹ ಎಂದೂ ಕೇಳುತ್ತೇನೆ. ಅಂಗಡಿಯವರು ಮುಖ ನೋಡುತ್ತಾರೆ. ನೀವೂ ಕೇಳಿ.