ಮೊದಲ ದಿನದ ಬೋಣಿ
(ನೆಹರು ಗಂಜಿನಲ್ಲಿ ಹಮಾಲರು, ದಾಲ್ ಮಿಲ್ಲಿನ ಕಾರ್ಮಿಕರು ಹಾಗೂ ಸಣ್ಣ ವ್ಯಾಪಾರಿಗಳು ಸೇರಿದ್ದ ಕೂಟದಲ್ಲಿ ಆಡಿದ ಮಾತು)

ದಿನವಿಡೀ ದುಡಿದು, ಮೈಮೇಲಿನ ತೊಗರಿ ಧೂಳನ್ನೂ ಪೂರ್ತಿ ಕೊಡವಿಕೊಳ್ಳದೆ ನೀವು ಇಲ್ಲಿ ಬಂದು ಕುಳಿತಿದ್ದೀರಿ. ಇಂಥ ಹೊತ್ತಿನಲ್ಲಿ ಆಟದ ಮಾತು ಎತ್ತುವುದು ಸರಿಯೇ ಎಂದು ನಾವೂ ಯೋಚಿಸಿದೆವು. ಆದರೆ ಕ್ರಿಕೆಟ್ಟಿನ ಮಾತು ಆಡದ ಅಂಗಡಿ ಈ ಗಂಜಿನಲ್ಲಿ ಯಾವುದಿದೆ? ಹೊಸ ಹುಡುಗನೊಬ್ಬ ದೇಶದ ತಂಡಕ್ಕೆ ಬಂದು ಮೊದಲ ದಿನವೇ ಸೊನ್ನೆಗೆ ಔಟಾದರೆ ಸಾಕು, ಚೀಲದ ಥಪ್ಪಿಗೆ ಒರಗಿ ಕೂತವರು, "ಇವನ ಕೈಲಿಂದ ಏನೂ ಆಗಂಗಿಲ್ಲ, ತೆಗೀರಿ ಹೊರಗ" ಎಂದು ತೀರ್ಪು ಕೊಟ್ಟೇಬಿಡುತ್ತಾರೆ. ಆ ತೀರ್ಪಿನ ಬಗ್ಗೆಯೇ ಇಂದು ನಾಲ್ಕು ಮಾತು.

ಅಂಗಡಿಯವರಲ್ಲಿ ಬೋಣಿಯ ನಂಬಿಕೆ ಬಹಳ. ಬೆಳಗಿನ ಮೊದಲ ಗಿರಾಕಿ ಚೌಕಾಶಿ ಮಾಡಿ ಬರಿಗೈಯಲ್ಲಿ ಹೋದರೆ ದಿನವೆಲ್ಲ ಕೆಟ್ಟಿತೆಂದು ಮುಖ ಸಣ್ಣಗೆ ಮಾಡುತ್ತೇವೆ. ಸಂಜೆ ಕಿರ್ದಿ ಬರೆಯುವಾಗ ನೋಡಿದರೆ ವ್ಯಾಪಾರ ಚೆನ್ನಾಗಿಯೇ ಆಗಿರುತ್ತದೆ. ಸರಕಿನ ಲೆಕ್ಕವನ್ನು ಸಂಜೆಗೆ ನೋಡುವ ನಾವು, ಮನುಷ್ಯರ ಲೆಕ್ಕವನ್ನು ಮಾತ್ರ ಬೋಣಿಯಲ್ಲೇ ಮುಗಿಸಿಬಿಡುತ್ತೇವೆ.

ಭದ್ರಾವತಿಯ ಗುಂಡಪ್ಪ ವಿಶ್ವನಾಥರ ಸಂಗತಿ ನೋಡಿ. ಕಾರ್ಖಾನೆಗಳ ಊರೆಂದು ಹೆಸರಾದ ಭದ್ರಾವತಿಯಲ್ಲಿ ಹುಟ್ಟಿದ ಕುಳ್ಳ ಹುಡುಗ. 1969ರ ನವೆಂಬರಿನಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯದ ಎದುರು ಮೊದಲ ಟೆಸ್ಟ್ ಆಡಲು ಇಳಿದಾಗ ವಯಸ್ಸು ಇಪ್ಪತ್ತು. ಮೊದಲ ಸರದಿಯಲ್ಲಿ ಆತ ಗಳಿಸಿದ್ದು ಸೊನ್ನೆ. ಆ ರಾತ್ರಿ ನಮ್ಮ ಚೀಲದ ಥಪ್ಪಿಯ ನ್ಯಾಯಾಧೀಶರನ್ನು ಕೇಳಿದ್ದರೆ ಏನು ಹೇಳುತ್ತಿದ್ದರೆಂಬುದು ನಿಮಗೇ ಗೊತ್ತು. ಆದರೆ ಟೆಸ್ಟ್ ಆಟದಲ್ಲಿ ಒಂದು ದೊಡ್ಡ ಧರ್ಮವಿದೆ: ಅಲ್ಲಿ ಎರಡು ಸರದಿ. ನಾಯಕ ಮನ್ಸೂರ್ ಅಲಿ ಖಾನ್ ಪಟೌಡಿ ತನಗೆ ಧೈರ್ಯ ತುಂಬಿದರೆಂದು ವಿಶ್ವನಾಥರೇ ಹೇಳಿಕೊಂಡಿದ್ದಾರೆ. ಎರಡನೆಯ ಸರದಿಯಲ್ಲಿ ಅದೇ ಹುಡುಗ 137 ರನ್ನು ಹೊಡೆದ. ಮುಂದೆ 91 ಟೆಸ್ಟುಗಳನ್ನಾಡಿ 6080 ರನ್ನು, 14 ಶತಕ ಗಳಿಸಿದ. ಸೊನ್ನೆ ಹೊಡೆದವನೂ ಅವನೇ, ನೂರಾ ಮೂವತ್ತೇಳು ಹೊಡೆದವನೂ ಅವನೇ. ನಡುವೆ ಇದ್ದದ್ದು ಒಂದು ಅವಕಾಶ, ಒಂದು ಒಳ್ಳೆಯ ಮಾತು.

ಇದರ ಇನ್ನೊಂದು ಮಗ್ಗುಲೂ ಇದೆ. ವಿಶ್ವನಾಥರಿಗಿಂತ ಮೊದಲು ನಮ್ಮ ದೇಶದ ಐವರು ತಮ್ಮ ಮೊದಲ ಟೆಸ್ಟಿನಲ್ಲೇ ಶತಕ ಹೊಡೆದಿದ್ದರು. 1933ರಲ್ಲಿ ಲಾಲಾ ಅಮರನಾಥ್, 1952ರಲ್ಲಿ ದೀಪಕ್ ಶೋಧನ್. ಅವರ ಹಿಂದೆ ಕೃಪಾಲ್ ಸಿಂಗ್, ಅಬ್ಬಾಸ್ ಅಲಿ ಬೇಗ್, ಹನುಮಂತ್ ಸಿಂಗ್. ಈ ಐವರಲ್ಲಿ ಒಬ್ಬರಿಗೂ ಟೆಸ್ಟಿನಲ್ಲಿ ಎರಡನೆಯ ಶತಕ ಒದಗಲಿಲ್ಲ. ಶೋಧನ್ ಆಡಿದ್ದೇ ಮೂರು ಟೆಸ್ಟು. ಬೋಣಿ ಬಂಗಾರದ್ದಾದರೂ ಸಂಜೆಯ ಲೆಕ್ಕ ಬೇರೆಯಾಗಬಹುದು. ಹಾಗಾದರೆ ಮೊದಲ ದಿನದ ಸೊನ್ನೆಗೂ ಹೆದರಬಾರದು, ಮೊದಲ ದಿನದ ನೂರಕ್ಕೂ ಕುಣಿಯಬಾರದು.

ಇನ್ನು ಬದಲಿಯ ಮಾತು. ಬದಲಿ ಎಂದರೇನೆಂದು ಎಂ.ಎಸ್.ಕೆ. ಮಿಲ್ಲಿನಲ್ಲಿ ದುಡಿದ ಮನೆಗಳವರಿಗೆ ನಾವು ಬಿಡಿಸಿ ಹೇಳಬೇಕಿಲ್ಲ. ಕಾಯಂ ಕಾರ್ಮಿಕ ಜ್ವರ ಬಂದು ಮಲಗಿದ ದಿನ ಬದಲಿಯವನಿಗೆ ಕೂಲಿ. ಆಟದಲ್ಲಿಯೂ ಎಷ್ಟೋ ಜನರ ಮೊದಲ ದಿನ ಹೀಗೆಯೇ ಬರುತ್ತದೆ. 1996ರ ಜೂನಿನಲ್ಲಿ ಸಂಜಯ್ ಮಂಜ್ರೇಕರರಿಗೆ ಗಾಯವಾದ ಕಾರಣ ಬೆಂಗಳೂರಿನ ರಾಹುಲ್ ದ್ರಾವಿಡರಿಗೆ ಲಾರ್ಡ್ಸ್ ಮೈದಾನದಲ್ಲಿ ಜಾಗ ಸಿಕ್ಕಿತು. ಏಳನೆಯವರಾಗಿ ಬ್ಯಾಟು ಹಿಡಿದು 95 ರನ್ನು ಮಾಡಿದರು. ಒಟ್ಟು 164 ಟೆಸ್ಟು ಆಡಿದರು. ಅದೇ ವರ್ಷದ ಅಕ್ಟೋಬರಿನಲ್ಲಿ ಜಾವಗಲ್ ಶ್ರೀನಾಥರಿಗೆ ಗಾಯವಾದಾಗ ಅರಸೀಕೆರೆಯ ವೇಗದ ಬೌಲರ್ ಡೇವಿಡ್ ಜಾನ್ಸನ್ ದಿಲ್ಲಿಯಲ್ಲಿ ಆಸ್ಟ್ರೇಲಿಯದ ವಿರುದ್ಧ ಇಳಿದರು. ಮೈಕೇಲ್ ಸ್ಲೇಟರನ ವಿಕೆಟ್ಟು ಕಿತ್ತರು. ಆಮೇಲೆ ಡರ್ಬನ್ನಿನಲ್ಲಿ ಇನ್ನೊಂದು ಟೆಸ್ಟು. ಅಲ್ಲಿಗೆ ಬಾಗಿಲು ಮುಚ್ಚಿತು. ಒಂದೇ ರಾಜ್ಯದ, ಒಂದೇ ವರ್ಷದ ಇಬ್ಬರು ಬದಲಿಗಳು. ಒಬ್ಬರು ಕಾಯಂ ಆದರು, ಒಬ್ಬರು ಆಗಲಿಲ್ಲ. ಗುಣದಲ್ಲಿ ಹೆಚ್ಚುಕಡಿಮೆ ಇತ್ತೆಂದು ಯಾರಾದರೂ ಹೇಳಬಹುದು, ನಾವು ಜಗಳ ತೆಗೆಯುವುದಿಲ್ಲ. ಆದರೆ ಎರಡು ಆಟದಲ್ಲಿ ಯಾರ ಗುಣವನ್ನು ತೂಗಿ ಮುಗಿಸಲು ಸಾಧ್ಯ? ತೊಗರಿಯನ್ನಾದರೂ ಒಂದು ಹಿಡಿ ನೋಡಿ ದರ ಕಟ್ಟಬಹುದು, ಮನುಷ್ಯ ತೊಗರಿಯಲ್ಲ.

ಇ. ಎ. ಎಸ್. ಪ್ರಸನ್ನರು 1962ರ ಜನವರಿಯಲ್ಲಿ ಮದ್ರಾಸಿನಲ್ಲಿ ಮೊದಲ ಟೆಸ್ಟ್ ಆಡಿದರು. ಆ ವರ್ಷವೇ ಎರಡನೆಯದು. ಮೂರನೆಯದು ಬಂದದ್ದು 1967ರಲ್ಲಿ! ನಡುವೆ ಇಂಜಿನಿಯರಿಂಗ್ ಓದು ಮುಗಿಸಿಕೊಂಡರು. ಮರಳಿ ಬಂದ ಮೇಲೆ ಜಗತ್ತೇ ಮೆಚ್ಚಿದ ಸ್ಪಿನ್ನರಾದರು. ಮೈಸೂರಿನ ಬಿ. ಎಸ್. ಚಂದ್ರಶೇಖರರ ಬಲಗೈ ಪೋಲಿಯೋದಿಂದ ಸೊರಗಿತ್ತು. 1964ರ ಜನವರಿಯಲ್ಲಿ ಮುಂಬಯಿಯಲ್ಲಿ ಮೊದಲ ಟೆಸ್ಟ್ ಆಡಿ, ಅದೇ ಕೈಯಿಂದ ಇಂಗ್ಲೆಂಡಿನ ನಾಲ್ಕು ವಿಕೆಟ್ಟು ಉರುಳಿಸಿದರು. "ಈ ಕೈಯಿಂದೇನಾದೀತು" ಎಂದು ಯಾರೋ ಒಬ್ಬ ಮುಕಾದಮ ಹೊರಗಿಟ್ಟಿದ್ದರೆ 1971ರ ಓವಲ್ ಗೆಲುವು ನಮಗೆಲ್ಲಿ ಇರುತ್ತಿತ್ತು?

ಇಲ್ಲಿಯವರೆಗೆ ಹೇಳಿದವರಿಗೆ ಬಾಗಿಲು ತಡವಾಗಿಯೋ ಬೇಗನೆಯೋ ತೆರೆಯಿತು. ಆದರೆ ಬಾಗಿಲಲ್ಲೇ ತಡೆದವರ ಕಥೆಯಿಲ್ಲದೆ ಈ ಮಾತು ಪೂರ್ತಿಯಾಗದು. 1876ರಲ್ಲಿ ನಮ್ಮ ಧಾರವಾಡದಲ್ಲಿ ಹುಟ್ಟಿದ ಪಲವಂಕರ್ ಬಾಲು ಚಮ್ಮಾರ ಜಾತಿಯವರು. ಪುಣೆಯಲ್ಲಿ ಪಾರ್ಸಿಗಳ ಕ್ರಿಕೆಟ್ ಮೈದಾನವನ್ನು ಗುಡಿಸಿ, ರೋಲರು ಎಳೆಯುವುದು ಅವರ ಕೆಲಸ. ಸಂಬಳ ತಿಂಗಳಿಗೆ ಮೂರು ರೂಪಾಯಿ. ನೆಲ ಗುಡಿಸುತ್ತಲೇ ಬೌಲಿಂಗ್ ಕಲಿತರು. ಹಿಂದೂ ತಂಡ ಅವರನ್ನು ಸೇರಿಸಿಕೊಂಡಿತು, ಏಕೆಂದರೆ ಗೆಲ್ಲಬೇಕಿತ್ತು. ಅವರು ಮುಟ್ಟಿದ ಚೆಂಡನ್ನು ಎಲ್ಲರೂ ಮುಟ್ಟಿದರು. ಆದರೆ ಚಹಾದ ಹೊತ್ತಿಗೆ ಅವರಿಗೆ ಪೆವಿಲಿಯನ್ನಿನ ಹೊರಗೆ, ಬಿಸಾಡುವ ಮಣ್ಣಿನ ಬಟ್ಟಲಿನಲ್ಲಿ ಚಹಾ! 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ಟು ಕಿತ್ತರೂ ನಾಯಕತ್ವ ಮಾತ್ರ ಬರಲಿಲ್ಲ. ಅದು ದಕ್ಕಿದ್ದು ತಮ್ಮ ವಿಠ್ಠಲರಿಗೆ, 1923ರಲ್ಲಿ.

ಸಮುದ್ರದಾಚೆಯೂ ಇದೇ ಹಾಡು. ಅಮೆರಿಕದಲ್ಲಿ ಕ್ರಿಕೆಟ್ಟಿನ ಜಾಗದಲ್ಲಿ ಬೇಸ್‌ಬಾಲ್ ಇದೆ. ಅದರ ದೊಡ್ಡ ಲೀಗಿನೊಳಗೆ ಹಲವು ದಶಕ ಕಪ್ಪು ಜನರಿಗೆ ಪ್ರವೇಶವಿರಲಿಲ್ಲ. 1947ರ ಏಪ್ರಿಲ್ 15ರಂದು ಜ್ಯಾಕಿ ರಾಬಿನ್ಸನ್ ಬ್ರೂಕ್ಲಿನ್ ತಂಡದ ಪರ ಅಂಗಳಕ್ಕಿಳಿದು ಆ ಗೋಡೆ ಒಡೆದರು. ಬ್ಯಾಟಿನಿಂದ ಆ ದಿನ ಒಂದು ಹೊಡೆತವೂ ಸರಿಯಾಗಿ ಕೂಡಿಬರಲಿಲ್ಲ. ಆದರೂ ವರ್ಷ ಮುಗಿಯುವಾಗ ಹೊಸ ಆಟಗಾರರಲ್ಲಿ ಅವರೇ ಶ್ರೇಷ್ಠರೆನಿಸಿದರು. ಈಗ ಪ್ರತಿ ಏಪ್ರಿಲ್ 15ರಂದು ಆ ಲೀಗಿನ ಆಟಗಾರರೆಲ್ಲ ಅವರ 42ನೆಯ ಅಂಕಿಯ ಅಂಗಿ ತೊಡುತ್ತಾರೆ. ಬಾಗಿಲು ತೆರೆದರಷ್ಟೇ ಸಾಲದು, ಒಳಗೆ ಬಂದವನಿಗೆ ವರ್ಷವಿಡೀ ನಿಲ್ಲಲು ಜಾಗ ಬೇಕೆಂಬುದು ಇದರ ಪಾಠ.

ದೂರದ ಮಾತು ಬಿಟ್ಟು ನೆರೆಯ ವಿಜಯಪುರಕ್ಕೆ ಬರೋಣ. ಅಲ್ಲಿನ ಮಗಳು ರಾಜೇಶ್ವರಿ ಗಾಯಕವಾಡ 2014ರಲ್ಲಿ ಭಾರತದ ಮಹಿಳಾ ತಂಡಕ್ಕೆ ಬಂದರು. 2017ರ ವಿಶ್ವಕಪ್ಪಿನಲ್ಲಿ ಆಟದ ಮೇಲೆ ಆಟ ಹೊರಗೇ ಕುಳಿತರು. ಕೊನೆಗೆ ಗೆಲ್ಲಲೇಬೇಕಾದ ನ್ಯೂಜಿಲೆಂಡ್ ಎದುರಿನ ಆಟದಲ್ಲಿ ಕರೆ ಬಂತು. 15 ರನ್ನಿಗೆ 5 ವಿಕೆಟ್ಟು! ನಮ್ಮ ಸೀಮೆಯ ಬಿಸಿಲು, ಕರಿಮಣ್ಣು ಯಾರ ಗುಣವನ್ನೂ ಕಡಿಮೆ ಮಾಡುವುದಿಲ್ಲ.

ಬಂಧುಗಳೇ, ನಾಳೆ ಬೆಳಿಗ್ಗೆ ಗಂಜಿನಲ್ಲಿ ಯಾವನೋ ಹೊಸ ಹುಡುಗ ಮೊದಲ ಸಲ ಚೀಲ ಬೆನ್ನಿಗೇರಿಸುತ್ತಾನೆ. ಕಾಲು ನಡುಗುತ್ತದೆ, ಚೀಲ ಜಾರುತ್ತದೆ, ಕಾಳು ನೆಲಕ್ಕೆ ಚೆಲ್ಲುತ್ತದೆ. ಯಾವನೋ ಹೊಸ ಗುಮಾಸ್ತ ಮೊದಲ ಲೆಕ್ಕ ತಪ್ಪುತ್ತಾನೆ. ಆಗ ನೀವು ಪಟೌಡಿಯಾಗುತ್ತೀರೋ, ಚೀಲದ ಥಪ್ಪಿಯ ನ್ಯಾಯಾಧೀಶರಾಗುತ್ತೀರೋ? ನಮ್ಮ ಕೇಳಿಕೆ ಇಷ್ಟೇ. ಚೆಲ್ಲಿದ ಕಾಳನ್ನು ಅವನ ಜೊತೆ ಕೂಡಿ ಬಾಚಿರಿ. ಅವನಿಗೊಂದು ಬಟ್ಟಲು ಚಹಾ ಕುಡಿಸಿರಿ, ನೀವು ಕುಡಿಯುವಂಥ ಬಟ್ಟಲಿನಲ್ಲೇ, ನಿಮ್ಮ ಪಕ್ಕದಲ್ಲೇ ಕೂರಿಸಿಕೊಂಡು. "ಇರಲಿ ತಮ್ಮಾ, ನಾಳೆ ಬಾ" ಎನ್ನಿರಿ.

ಎರಡನೆಯ ಸರದಿ ಎಲ್ಲರಿಗೂ ಸಿಗಲಿ.